ಮಾವನ ಹೆಸರಿನಲ್ಲಿ ಹದಿನಾರು ಸಾಲು

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಕೊಟ್ಟೂರಪ್ಪನವರು ಮೊಳಕಾಲ್ಮೂರಿನ ನೇಕಾರರು. ಮಗ್ಗದ ಗುಣಿಗೆ ಕಾಲು ಇಳಿಬಿಟ್ಟು ಕೂತರೆ ಊಟಕ್ಕೇ ಮೇಲೇಳುವುದು. ಯಾರಾದರೂ ತೀರಿಕೊಂಡರೆ ಶಿವಗಣಾರಾಧನೆಯ ದಿನ ಹಾಡಲು ಪದ ಕಟ್ಟಿಕೊಡುವವರೂ ಅವರೇ. ಕಟ್ಟುವ ಮೊದಲು ಸತ್ತವರ ಮನೆಗೆ ಹೋಗಿ ಅರ್ಧ ದಿನ ಕೂರಲೇಬೇಕು. ಬಿ.ಜಿ. ಕೆರೆಯ ಸೂರಮ್ಮ ತನ್ನ ಕುರಿಗಳನ್ನು ಹೆಸರು ಹಿಡಿದು ಬೈಯುತ್ತಿದ್ದಳೆಂದು ಹಾಗೇ ಕೂತು ತಿಳಿದುಕೊಂಡು, ಆ ಬೈಗುಳಗಳನ್ನೇ ಪದಕ್ಕೆ ಸೇರಿಸಿದ್ದರು. ಅಳುತ್ತಿದ್ದವರು ನಕ್ಕು, ಮತ್ತೆ ಅತ್ತರಂತೆ.

ಏಪ್ರಿಲ್‌ನಲ್ಲಿ ಕಾಶ್ಮೀರದಲ್ಲಿ ಭಯೋತ್ಪಾದಕರು ಪ್ರವಾಸಿಗಳನ್ನು ಗುಂಡಿಟ್ಟು ಕೊಂದರು. ಚಳ್ಳಕೆರೆಯ ಜಂಬುಲಿಂಗಪ್ಪ ಮೇಷ್ಟ್ರು ಶ್ರದ್ಧಾಂಜಲಿ ಕವಿಗೋಷ್ಠಿ ಇಟ್ಟು, ಮಾವನನ್ನು ಕೇಳದೆಯೇ ಕರಪತ್ರದಲ್ಲಿ ಹೆಸರು ಹಾಕಿಸಿದರು. ಅವರ ವಾಟ್ಸಾಪ್ ಗುಂಪಿಗೆ ಎರಡೇ ದಿನದಲ್ಲಿ ನಲವತ್ತು ಪದ್ಯ ಬಂದವು. ಮಾವನದು ಮಾತ್ರ ಇಲ್ಲ.

"ಆ ಮನೆಗಳ ಹೊಸ್ತಿಲು ತುಳಿದಿಲ್ಲ ನಾನು. ಏನಂತ ಕಟ್ಲಿ?" ಎಂದರು ಮಾವ.

ಮೇಷ್ಟ್ರು ಗುಂಪಿನಲ್ಲೇ ವಾಯ್ಸ್ ಮೆಸೇಜ್ ಕಳಿಸಿದರು: "ಲೇ ಕೊಟ್ಟೂರ, ಕುರಿ ಕಾಯೋ ಮುದುಕಿಗೆ ಪದ ಕಟ್ತೀಯ, ಇವ್ರಿಗೆ ಕೈ ಬರಾಕಿಲ್ವೇನಲೇ?"

ಅದರ ಕೆಳಗೆ ಇನ್ಯಾರೋ: "ಇಂಥ ಹೊತ್ತಿನಾಗೆ ಸುಮ್ನಿದ್ದೋರ್ನ ನೆನಪಿಟ್ಕಂತೀವಿ."

ಆ ಸಾಲನ್ನು ಎಷ್ಟು ಸಲ ಓದಿದೆನೋ. ಮಗಳು ಕೆಮ್ಮಿದರೆ ಮೂರು ಸಲ ಎದ್ದು ನೋಡುವವಳು ನಾನು. ಮೈಸೂರಿನಲ್ಲಿ ಓದಿದ ಸೊಸೆಯೇ ಮಾವನ ತಲೆ ಕೆಡಿಸಿದಳು ಎಂದಾರು. ಸೀರೆ ಕೊಳ್ಳುವವರು ಬರುವುದನ್ನೇ ಬಿಟ್ಟಾರು. ಮಗಳನ್ನು ಯಾರ ಮನೆಗೆ ಆಟಕ್ಕೆ ಕಳಿಸಲಿ? ಮಾವನ ಪದಗಳನ್ನು ಫೋನಿನಲ್ಲಿ ಟೈಪ್ ಮಾಡುವವಳು ನಾನೇ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹದಿನಾರು ಸಾಲು ಬರೆದೆ. ರಕ್ತ, ಕಿಡಿ, ಸಿಂಹ, ಗರ್ಜನೆ. ಕೆಳಗೆ ಅವರ ಹೆಸರು ಹಾಕಿ ಕಳಿಸಿಬಿಟ್ಟೆ.

ಮೆಚ್ಚುಗೆ ಸುರಿಯಿತು. ಆಮೇಲೆ ಹೆದರಿಕೊಂಡೇ ಹೇಳಿದೆ. ಮಾವ ಲಾಳಿ ನಿಲ್ಲಿಸಿ, ಓದಿಸಿ ಕೇಳಿದರು.

"ಇದ್ರಾಗೆ ಯಾರೂ ಸತ್ತೇ ಇಲ್ವಲ್ಲವ್ವ. ಬರೀ ಸಿಂಹ ಐತೆ."

"ಅಳಿಸಿಬಿಡ್ಲಾ ಮಾವ?"

"ಎಲ್ರೂ ಓದ್ಯಾರೆ. ನಂದಲ್ಲ ಅಂದ್ರೆ ಯಾರ್ದು ಅಂತಾರೆ. ನಿನ್ ಹೆಸ್ರು ಹೇಳ್ಲಾ?"

ನಾನು ಮಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಭಾನುವಾರ ಚಳ್ಳಕೆರೆಯಲ್ಲಿ ಮಾವ ಅದನ್ನು ಓದಿದರು. ಜನ ಎದ್ದು ನಿಂತು ಕೂಗಿ, ಇನ್ನೊಮ್ಮೆ ಓದಿಸಿದರು. ಎರಡನೇ ಸಲ ಅವರ ದನಿ ಮೊದಲಿಗಿಂತ ಜೋರಾಗಿತ್ತು. ಮೇಷ್ಟ್ರು ಶಾಲು ಹೊದಿಸಿ, "ಆಗಸ್ಟ್ ಹದಿನೈದಕ್ಕೂ ನಮ್ಮ ಕೊಟ್ಟೂರಪ್ಪನೇ!" ಎಂದು ಮೈಕಿನಲ್ಲಿ ಸಾರಿದರು.

ವಾಪಸ್ ಬಸ್ಸಿನಲ್ಲಿ ಮಗಳು ಶಾಲಿನ ಕುಚ್ಚು ಕಚ್ಚುತ್ತಿದ್ದಳು. ಮಾವ ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಆಗಸ್ಟ್‌ದೂ ನೀನೇ ಬರಿ. ನಾನು ಓದ್ತೀನಿ."

"ಸುಳ್ಳಾಗಲ್ವಾ ಮಾವ?"

"ಆಗ್ತೈತೆ. ಬ್ಯಾರೆ ದಾರಿ ಇದ್ರೆ ಹೇಳು."

ಈಗ ಜುಲೈ ಕೊನೆ. ಎಂಟು ಸಾಲು ಆಗಿದೆ.