ಬೀಜದ ಸೌತೆ ಮತ್ತು ಬೇರೆ ನಾಲಿಗೆ

ಕೃಷ್ಣಾಷ್ಟಮಿಯ ಮರುದಿನ ಪಾರಣೆಗೆ ಕುಳಿತವರ ಎಲೆಗೆ ಕಹಿ ಕೋಸಂಬರಿ ಬಡಿಸಿದ ಮನೆ ಸವಣೂರಿನಲ್ಲಿ ಒಂದೇ ಇರಬೇಕು. ಅದು ನಮ್ಮದು.

ಇದು ಹೋದ ವರ್ಷದ ಮಾತು. ಹಿಂದಿನ ದಿನವೆಲ್ಲ ಉಪವಾಸ. ಹಸಿದ ಹೊಟ್ಟೆಗೆ ಮೊದಲ ತುತ್ತೇ ಕಹಿ. ದೇವರ ಪ್ರಸಾದ, ಉಗುಳುವ ಹಾಗಿಲ್ಲ. ಶಿಗ್ಗಾಂವಿಯಿಂದ ಬಂದಿದ್ದ ಕಾಕಾ (ತೀರಿಕೊಂಡ ನಮ್ಮ ತಂದೆಯ ತಮ್ಮ, ಶಾಸ್ತ್ರ ಓದಿದವರು) ಅಷ್ಟನ್ನೂ ನುಂಗಿ, ಕೈ ತೊಳೆಯುವಾಗ ಅವ್ವನನ್ನು ಕೇಳಿದರು:

“ವೈನಿ, ಇದು ಸೌತಿಕಾಯಿನೋ, ಕಷಾಯನೋ?”

ಸೌತೆ ನಮ್ಮ ಹಿತ್ತಲದ್ದೇ. ಪ್ರತಿವರ್ಷ ಅವ್ವ ಒಂದು ಕಾಯಿಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಡುತ್ತಾಳೆ. ಅದರ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಬಡಿದಿಡುತ್ತಾಳೆ. ಮಳೆ ಬಿದ್ದ ಮೇಲೆ ಆ ಬಿಲ್ಲೆಯನ್ನು ಮುರಿದು ಊರುತ್ತಾಳೆ. ಮದುವೆಯಾದ ವರ್ಷ ಚಿಕ್ಕೇರೂರಿನ ತವರಿನಿಂದ ತಂದ ಬೀಜ ಅದು, ಎನ್ನುತ್ತಾಳೆ. ಅಲ್ಲ, ನಮ್ಮಣ್ಣ ಹಾನಗಲ್ಲ ಸಂತೆಯಿಂದ ತಂದದ್ದು, ಎನ್ನುತ್ತಾರೆ ಕಾಕಾ. ನನಗೂ ಒಂದು ನೆನಪಿದೆ: ಅಜ್ಜಿ ಗೋಡೆಗೆ ಸಗಣಿ ಬಡಿಯುತ್ತಿದ್ದಳು, ನಾನು ನೋಡುತ್ತ ನಿಂತಿದ್ದೆ. ಆದರೆ ಅದು ಯಾವ ಅಜ್ಜಿ, ಆ ಗೋಡೆ ಚಿಕ್ಕೇರೂರಿನದೋ ಸವಣೂರಿನದೋ? ಪ್ರಮಾಣ ಮಾಡು ಎಂದರೆ ನಾನು ಹಿಂದೆ ಸರಿಯುತ್ತೇನೆ. (ಅವ್ವನ ಕತೆಗೆ ನಾನೇ ಒಂದು ಗೋಡೆ ಕಟ್ಟಿಕೊಂಡಿರಬಹುದು.)

ಇಷ್ಟು ವರ್ಷ ಸಿಹಿಯಾಗಿದ್ದ ಬೀಜಕ್ಕೆ ಕಹಿ ಎಲ್ಲಿಂದ ಬಂತು? ಅದರ ಹಿಂದಿನ ವರ್ಷ ಬೇಲಿಯ ಮೇಲೆ ಕಾಡುಸೌತೆ ಹಬ್ಬಿತ್ತು. ದುಂಬಿ ಅದರ ಪರಾಗವನ್ನು ನಮ್ಮ ಹೂವಿಗೆ ತಂದಿರಬೇಕು. ಹಾಗೆ ಬೆರೆತ ಬೀಜದಲ್ಲಿ ಕೆಲವು ಬಳ್ಳಿ ಕಹಿ, ಕೆಲವು ಸಿಹಿ. ಬಿ.ಎ. ಓದಿದ್ದರಿಂದ ಇಷ್ಟು ಹೇಳಬಲ್ಲೆ. ಪರಿಹಾರ ಗೊತ್ತಿದ್ದದ್ದು ಕಾಕಾನಿಗೆ.

“ಈ ಬೀಜಾನ ಬಿಟ್ಟಬಿಡ್ರಿ. ಹುಬ್ಬಳ್ಳ್ಯಾಗ ಪಾಕೀಟಿನ ಬೀಜ ಸಿಗ್ತಾವ, ನಾ ತಂದಕೊಡ್ತೇನಿ.”

“ಇನ್ನೊಂದು ವರ್ಷ ನೋಡೂಣ,” ಎಂದಳು ಅವ್ವ. “ಮತ್ತ ಕಹಿ ಬಂದ್ರ ನಾನ ಕಿತ್ತು ಒಗೀತೇನಿ.”

ಅಂದರೆ ಈ ವರ್ಷ ಸಿಹಿ ಬಳ್ಳಿಯೊಂದನ್ನು ಹುಡುಕಿ ಅದರ ಬೀಜವನ್ನು ಉಳಿಸಿಕೊಳ್ಳಬೇಕು. ಇಲ್ಲವಾದರೆ ಅವ್ವನ ಸೌತೆ ಮುಗಿಯಿತು. ಕಚ್ಚಿ ನೋಡಿದರೆ ಗೊತ್ತಾಗುತ್ತದಲ್ಲ, ಎನ್ನುತ್ತೀರಿ. ನಿಮ್ಮ ಮನೆಯಲ್ಲಿ ಅದು ನಡೆದೀತು. ನಮ್ಮಲ್ಲಿ ಪ್ರತಿ ಬಳ್ಳಿಯ ಮೊದಲ ಕಾಯಿ ದೇವರಿಗೆ. ಅದಕ್ಕೆ ಮೊದಲು ಮನೆಯವರು ನಾಲಿಗೆಗೆ ತಾಗಿಸುವಂತಿಲ್ಲ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದೂ ನೈವೇದ್ಯವಾದ ಮೇಲೆಯೇ ತಿಳಿಯುವ ಮನೆ ಇದು.

ಮನೆಯವರು, ಎಂದೆನಲ್ಲ. ಅವ್ವ ದಾರಿ ಕಂಡುಕೊಂಡದ್ದು ಅಲ್ಲಿಯೇ.

ಹಿತ್ತಲ ಗೋಡೆಯ ಆಚೆ ಫಾತಿಮಾಬಿಯವರ ಮನೆ. ಅವರ ಯಜಮಾನರದು ಎಲೆಬಳ್ಳಿಯ ತೋಟ. ಈ ಸಲ ಅಷ್ಟಮಿಯ ಹಿಂದಿನ ದಿನ ಅವ್ವ ಬಳ್ಳಿಗೊಂದು ಬಣ್ಣದ ದಾರ ಕಟ್ಟಿದಳು. ಅವುಗಳಿಂದ ಒಂದೊಂದು ಕಾಯಿ ಹರಿದು, ಆಯಾ ಬಣ್ಣದ ದಾರ ಸುತ್ತಿ ಗೋಡೆಯ ಮೇಲಿಟ್ಟಳು. (ಕೈಯಿಂದ ಕೈಗೆ ಕೊಡುವ ರೂಢಿಯಿಲ್ಲ.) ಬೇಲಿಯ ಕಡೆಯ ಒಂದು ಬಳ್ಳಿ ಮಾತ್ರ ಉಳಿಯಿತು. ಅದರಲ್ಲಿ ಇದ್ದದ್ದು ಒಂದೇ ಕಾಯಿ, ಕೊಟ್ಟರೆ ದೇವರಿಗೆ ಉಳಿಯುತ್ತಿರಲಿಲ್ಲ.

ಆಚೆಯಿಂದ ಕಚ್ಚಿದ ಸದ್ದು ಬಂತು. ಬೆನ್ನಿಗೇ ಉಗುಳಿದ ಸದ್ದು.

“ಕೆಂಪು ದಾರದ್ದು ವಿಷ ಐತ್ರಿ, ಅವ್ವಾರ. ನನ್ನ ಮ್ಯಾಲೆ ಏನರ ಸಿಟ್ಟೇನ್ರಿ?”

“ಸಿಟ್ಟಿದ್ರ ದಿನಾ ಕೊಡ್ತಿದ್ದೆ. ಹಸರದ್ದು ನೋಡ್ರಿ.”

“ಇದೂ ಹಂಗ ಐತಿ.” ಮತ್ತೆ ಕಚ್ಚಿದ ಸದ್ದು ಬಂತು. “ಬಿಳಿ ದಾರದ್ದು ಛಲೋ ಐತ್ರಿ. ಪೂರಾ ತಿಂದ್ಬಿಟ್ಟೆ. ಇನ್ನೊಂದು ಕೊಟ್ರ ಖಾತ್ರಿ ಮಾಡಿ ಹೇಳ್ತೇನಿ.”

ಅವ್ವ ನಗುತ್ತ, ಬಿಳಿ ದಾರದ ಬಳ್ಳಿಯ ಒಂದು ಕಾಯಿಗೆ ಬೀಜಕ್ಕೆಂದು ಚಿಂದಿ ಕಟ್ಟಿ ತಿರುಗಿದಳು. ಹಿಂದೆ ಕಾಕಾ ನಿಂತಿದ್ದರು. ಹಬ್ಬಕ್ಕೆಂದು ಆಗಷ್ಟೇ ಬಂದಿದ್ದರು, ಕೈಯಲ್ಲಿ ಇನ್ನೂ ಚೀಲವಿತ್ತು.

“ದೇವರಿಗಿಂತ ಮೊದ್ಲ ಫಾತಿಮಾಬಿಗೆ ನೈವೇದ್ಯ ಆತೇನ್ರಿ, ವೈನಿ?”

“ನಮ್ಮ ಮನ್ಯಾಗ ಯಾರೂ ತಿಂದಿಲ್ಲ.”

“ಬಳ್ಳಿ ಎಂಜಲಾಗಲಿಲ್ಲೇನು?”

“ಆಕಳ ಹಾಲು ಮೊದ್ಲ ಕರು ಕುಡೀತದ. ಆಮ್ಯಾಲೆ ಹಿಂಡಿದ್ದು ಅಭಿಷೇಕಕ್ಕ ನಡೀತದಲ್ಲ, ಅದು ಹೆಂಗ?”

“ಕರುವಿನ ಮಾತು ಶಾಸ್ತ್ರದಾಗ ಅದ. ಫಾತಿಮಾಬಿ ಮಾತು ಇಲ್ಲ.”

ಗೋಡೆಯ ಆಚೆಯಿಂದ ದನಿ ಬಂತು: “ನಾ ಹಲ್ಲು ಹಚ್ಚಿದ್ದು ಕಾಯಿಗೆ ರೀ, ಬಳ್ಳಿಗೆ ಅಲ್ಲ.”

ಕಾಕಾ ನನ್ನ ಕಡೆ ನೋಡಿದರು. “ನೀ ಕಾಲೇಜು ಓದಿದಾಂವ. ಏನ್ ಹೇಳ್ತಿ?”

ನಾನು ಪರಾಗ, ದುಂಬಿ ಎಂದು ಲೆಕ್ಚರ್ ಶುರು ಮಾಡಿದೆ. ಅವರು ಕೇಳಿದ್ದು ಅದನ್ನಲ್ಲ ಎಂದು ನನಗೂ ಗೊತ್ತಿತ್ತು. ಎಂಜಲು ಎಲ್ಲಿಗೆ ನಿಲ್ಲುತ್ತದೆ? ಕಚ್ಚಿದ ಕಾಯಿಗೋ, ಬಳ್ಳಿಗೋ, ಬೀಜದೊಳಗೂ ಇಳಿಯುತ್ತದೆಯೋ? ಯಾವ ಕಾಲೇಜಿನಲ್ಲಿ ಇದನ್ನು ಕಲಿಸುತ್ತಾರೆ?

ಅವ್ವ ವಾದ ಬೆಳೆಸಲಿಲ್ಲ. “ಪಾರಣಿ ದಿನ ನೀವ ಹರಕೊಂಡು ಬರ್ರಿ. ಯಾವುದು ದೇವರಿಗೆ ನಡೀತದ ಅನಸ್ತದೋ ಅದನ್ನ ತರ್ರಿ. ನಾ ಹೆಚ್ಚಿ ಕೊಡ್ತೇನಿ.”

ಅಷ್ಟಮಿಯ ಉಪವಾಸ ಮುಗಿಯಿತು. ಮರುದಿನ ಬೆಳಿಗ್ಗೆ ಕಾಕಾ ಸ್ನಾನ ಮಾಡಿ, ಮಡಿಯುಟ್ಟು ಹಿತ್ತಲಿಗೆ ಹೋದರು. ಅವ್ವ ಒಲೆಯ ಮುಂದಿಂದ ಏಳಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಮೊದಲು ಅವರು ಹೋದದ್ದು ಬೇಲಿಯ ಕಡೆಗೇ. ಯಾರೂ ರುಚಿ ನೋಡದ ಬಳ್ಳಿ, ಅದರ ಮೊದಲ ಕಾಯಿ. ಶಾಸ್ತ್ರಕ್ಕೆ ಇದಕ್ಕಿಂತ ಒಪ್ಪುವುದು ಯಾವುದಿದೆ? ಆ ಕಾಯಿಯನ್ನು ಕೈಯಲ್ಲಿ ಹಿಡಿದರು. ಹೋದ ವರ್ಷದ ಕೋಸಂಬರಿ ನೆನಪಾಯಿತೋ ಏನೋ (ಇದು ನನ್ನ ಊಹೆ, ಅವರ ಮುಖ ಆ ಕಡೆಗಿತ್ತು), ಬಿಟ್ಟುಬಿಟ್ಟರು. ಬಿಳಿ ದಾರದ ಬಳ್ಳಿಯ ಹತ್ತಿರ ಬಂದು ಬಗ್ಗಿದರು.

ಒಳಗೆ ಬಂದು ಕಾಯಿಗಳನ್ನು ಅವ್ವನ ಮುಂದಿಟ್ಟರು. “ಇವು ಎಳೇವು ಅದಾವ,” ಎಂದರು. ಯಾರೂ ಕೇಳಿರಲಿಲ್ಲ. ಮತ್ತೆ, “ಚಿಂದಿ ಕಟ್ಟಿದ್ದೊಂದು ಇತ್ತಲ್ಲ, ಬೀಜದ್ದು. ಅದನ್ನ ಮುಟ್ಟಿಲ್ಲ.”

ಅವ್ವ ಈಳಿಗೆಮಣೆ ಎಳೆದುಕೊಂಡು ಹೆಚ್ಚತೊಡಗಿದಳು. ಆ ದಿನ ಕಾಕಾ ಕೋಸಂಬರಿಯನ್ನು ಎರಡನೇ ಸಲ ಹಾಕಿಸಿಕೊಂಡರು. ಹುಬ್ಬಳ್ಳಿಯ ಪಾಕೀಟಿನ ಸುದ್ದಿ ಬರಲಿಲ್ಲ.

ಊಟವಾದ ಮೇಲೆ ಅವ್ವ ಕೆಂಪು, ಹಸಿರು ದಾರದ ಬಳ್ಳಿಗಳನ್ನು ಕಿತ್ತು ಹಾಕಿದಳು. ದುಂಬಿ ಅದಕ್ಕೂ ಮೊದಲೇ ಓಡಾಡಿರಬಹುದು, ಬೀಜದ ಕಾಯಿಗೂ ಕಹಿ ಹತ್ತಿರಬಹುದು, ಎಂದೆ.

“ಹತ್ತಿದ್ರ ಬರೋ ವರ್ಷನೂ ಫಾತಿಮಾಬಿ ಅದಾರಲ್ಲ,” ಎಂದಳು.

ಮರುದಿನ ಕಾಕಾ ಊರಿಗೆ ಹೊರಟರು. ಚಪ್ಪಲಿ ಮೆಟ್ಟುತ್ತ, “ಬೀಜ ಆದ ಮ್ಯಾಲೆ ನಮಗೂ ನಾಲ್ಕು ಕಳಸ್ರಿ, ವೈನಿ,” ಎಂದರು.

ಬೀಜವನ್ನೇನೋ ಕಳಿಸುತ್ತೇವೆ. ಶಿಗ್ಗಾಂವಿಯಲ್ಲಿ ಅವರ ಸಲುವಾಗಿ ಕಚ್ಚಿ ನೋಡುವವರು ಯಾರು?