ಮಣ್ಣಿಗೆ ಚುಚ್ಚಿದ ಸವತಿ

ಹೊಟ್ಟೆಕಿಚ್ಚು ಬಂದರೆ ಮನುಷ್ಯರ ಮೇಲೆ ಬರಬೇಕು. ನನಗೆ ಬಂದದ್ದು ಮೂರು ಉಕ್ಕಿನ ಕಡ್ಡಿಗಳ ಮೇಲೆ.

ಸುಂಟಿಕೊಪ್ಪದಿಂದ ಒಳಗಿರುವ ನಮ್ಮ ಕಾಫಿ ತೋಟಕ್ಕೆ ಬೇಸಿಗೆಯಲ್ಲಿ ಕೆರೆ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹಾರಿಸುತ್ತೇವೆ. ಮೊಗ್ಗು ಅರಳುವುದು ಆ ನೀರಿಗೆ. ಸಾಲದಿದ್ದರೆ ಹೂವು ಅರೆಬರೆ ಬಿಚ್ಚಿ ಕರಟುತ್ತದೆ. ಹೆಚ್ಚಾದರೆ ಕೆರೆ ಬರಿದಾಗಿ ಕೊನೆಯ ಪಟ್ಟಿಗೆ ನೀರೇ ಇಲ್ಲ. ಹಾಗಾಗಿ ಪೈಪು ಕಿತ್ತು ಮುಂದಿನ ಪಟ್ಟಿಗೆ ಹಾಕುವ ಮೊದಲು ಮಣ್ಣು ನೋಡಬೇಕು. ನೋಡುವವಳು ನಾನು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಕಲಿಸಿದ್ದು: ಗಿಡದ ಬುಡದ ತರಗೆಲೆ ಸರಿಸಿ, ಗೇಣುದ್ದ ಬಗೆದು, ಹಿಡಿ ಮಣ್ಣು ಹಿಸುಕಬೇಕು. ಕಡುಬಿನ ಹಿಟ್ಟಿನ ಹಾಗೆ ಉಂಡೆ ನಿಲ್ಲಬೇಕು, ಆದರೆ ಅಂಗೈಗೆ ನೀರು ಹತ್ತಬಾರದು. ನಾನು ಸಾಕು ಅಂದ ಮೇಲೆಯೇ ಯಜಮಾನರು ಮೋಟಾರ್ ನಿಲ್ಲಿಸುತ್ತಿದ್ದುದು. ಮನೆಯ ಬೇರೆ ಯಾವ ವಿಷಯದಲ್ಲೂ ನನ್ನ ಮಾತಿಗೆ ಅಷ್ಟು ಬೆಲೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕಲಿಸಿದ ಮೇಲೆ ಅತ್ತೆ ತೋಟಕ್ಕೆ ಇಳಿಯುವುದನ್ನು ಬಿಟ್ಟರು. ಆದರೆ ನಾನು ಹಿಂದಿರುಗಿದಾಗಲೆಲ್ಲ ಜಗಲಿಯಲ್ಲಿ ಕಾದು ಕೂತಿರುತ್ತಿದ್ದರು. ಕೈ ತೊಳೆಯಲು ಬಿಡದೆ, "ಕೈ ತೋರ್ಸು" ಅನ್ನುತ್ತಿದ್ದರು. ನನ್ನ ಅಂಗೈಗೆ ಅಂಟಿದ ಮಣ್ಣನ್ನು ತಮ್ಮ ಬೆರಳಲ್ಲಿ ಉಜ್ಜಿ ನೋಡಿ ಒಳಗೆ ಹೋಗುತ್ತಿದ್ದರು. ಸೊಸೆ ಕೆಲಸ ಸರಿ ಮಾಡಿದಳೋ ಇಲ್ಲವೋ ಎಂಬ ತನಿಖೆ ಅಂತ ನಾನು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ. ಸಾಯುವವರೆಗೂ ಅವರು ಅದನ್ನು ಬಿಡಲಿಲ್ಲ.

ಹೋದ ವರ್ಷ ಸೆನ್ಸರ್ ಬಂತು. ಕಡ್ಡಿಗಳನ್ನು ಮಣ್ಣಿಗೆ ಚುಚ್ಚಿದರೆ ಸಣ್ಣ ಕರೆಂಟು ಹರಿದು, ತೇವ ಎಷ್ಟಿದೆ ಎಂದು ಫೋನಿಗೆ ಅಂಕಿ ಬರುತ್ತದಂತೆ. ಅದನ್ನು ಹಾಕಲು ಕಂಪನಿಯವನು ಬಂದ ದಿನ ಯಜಮಾನರು ನನ್ನನ್ನೂ ಕರೆದರು. ಸ್ಪ್ರಿಂಕ್ಲರ್ ಓಡಿಸಿ, ನಿಲ್ಲಿಸಿ, ಮತ್ತೆ ಮತ್ತೆ ಮಣ್ಣು ಹಿಸುಕಿಸಿದರು. ಇನ್ನೂ ಸಾಲದು, ಈಗ ಸಾಕು ಎಂದು ನಾನು ಅಂದಾಗಲೆಲ್ಲ ಬಂದಾತ ಫೋನಿನಲ್ಲಿ ಏನೋ ಒತ್ತುತ್ತಿದ್ದ. ಹಳೇ ಕಾಲದ ಪದ್ಧತಿ ಹೀಗಿತ್ತು ನೋಡಿ ಎಂದು ನೆಂಟರಿಗೆ ಒನಕೆ ತೋರಿಸುವಂತೆ ನನ್ನನ್ನು ತೋರಿಸುತ್ತಿದ್ದಾರೆ ಅಂದುಕೊಂಡೆ. ಸಿಟ್ಟಿಗೆ ಅವತ್ತು ಸಾರಿಗೆ ಉಪ್ಪು ಹಾಕಲಿಲ್ಲ.

ಆಮೇಲೆ ನನ್ನ ಬಾಳಿನಲ್ಲಿ ಸವತಿ ಹೊಕ್ಕಂತಾಯಿತು. ಯಜಮಾನರಿಗೆ ಬೆಳಗ್ಗೆ ಎದ್ದರೆ ಮೊದಲು ಅದರ ಅಂಕಿ, ಆಮೇಲೆ ಕಾಫಿ. ಹಂದಿ ತುಳಿಯದಿರಲಿ ಎಂದು ಅದರ ಸುತ್ತ ಬೇಲಿ. ಜ್ವರ ಬಂದಾಗ ನನ್ನ ಹಣೆ ಮುಟ್ಟಿ ನೋಡಿದ್ದಕ್ಕಿಂತ ಹೆಚ್ಚು ಸಲ ಅದನ್ನು ಹೋಗಿ ನೋಡಿ ಬಂದಿದ್ದಾರೆ. ಮಣ್ಣು ನೋಡು ಎಂದು ನನಗೆ ಯಾರೂ ಹೇಳಲಿಲ್ಲ. ಅವರಿಲ್ಲದಾಗ ನಾನೇ ಹೋಗಿ ಹಿಸುಕಿ ನೋಡುತ್ತಿದ್ದೆ, ಒಂದು ಸಲವಾದರೂ ಆ ಹಾಳು ಕಡ್ಡಿ ತಪ್ಪಲಿ ಎಂದು. ತಪ್ಪಲಿಲ್ಲ. ಈ ವರ್ಷ ಕೊನೆಯ ಪಟ್ಟಿಯವರೆಗೂ ಹೂವು ಬೆಳ್ಳಗೆ ಅರಳಿತು. ಬಂದವರೆಲ್ಲ ಸೆನ್ಸರನ್ನು ಹೊಗಳಿದರು, ನಾನು ಅವರಿಗೆ ಕಾಫಿ ಕೊಟ್ಟೆ.

ಮೊನ್ನೆ ಕುಟ್ಟದಿಂದ ಅವರ ಚಿಕ್ಕಪ್ಪನ ಮಗ ಫೋನ್ ಮಾಡಿದ್ದರು. ಅಲ್ಲೂ ಸೆನ್ಸರ್ ಹಾಕಿಸಿದ್ದಾರೆ, ಯಾವ ಅಂಕಿಗೆ ನೀರು ನಿಲ್ಲಿಸುತ್ತೀರಿ ಎಂದು ಕೇಳಿದರು. ಯಜಮಾನರು ಹೇಳಿದ್ದು ಜಗಲಿಯಲ್ಲಿದ್ದ ನನಗೂ ಕೇಳಿಸಿತು. "ನಮ್ ಅಂಕಿ ನಿಂಗಾಗಲ್ಲ ಮಾರಾಯ. ಆ ಕಡ್ಡಿಗೇನು ಗೊತ್ತು? ಇವ್ಳು ಮಣ್ಣು ಹಿಡ್ದು ಸಾಕು ಅಂದಾಗ ಎಷ್ಟು ತೋರಿಸ್ತೋ, ಅಲ್ಲಿಗೇ ಗೆರೆ ಹಾಕ್ಸಿದ್ದು."

ಖುಷಿಯಾಯಿತು. ಕೈಯಲ್ಲಿದ್ದ ಕಾಫಿ ಆರುವವರೆಗೆ ಖುಷಿಯಾಗಿಯೇ ಇದ್ದೆ. ಆಮೇಲೆ ಹೊಳೆಯಿತು: ನನ್ನಿಂದ ಕಲಿಯಬೇಕಾದದ್ದನ್ನು ಅದು ಕಲಿತಾಗಿದೆ. ಇನ್ನು ನನ್ನನ್ನು ಯಾಕೆ ಕರೆಯುತ್ತಾರೆ? ನನಗೆ ಕಲಿಸಿದ ಮೇಲೆ ಅತ್ತೆಯನ್ನು ಯಾರು ಕರೆದರು? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ.

ಸಂಜೆ ಯಜಮಾನರು ತೋಟದಿಂದ ಬಂದು ಚಪ್ಪಲಿ ಬಿಡುತ್ತಿದ್ದರು. ನಾನು ಜಗಲಿಯಲ್ಲೇ ಕೂತಿದ್ದೆ.

"ತೋರ್ಸಿ" ಅಂದೆ.

ಫೋನ್ ಕೊಟ್ಟರು. ಅಂಕಿಯ ಮೇಲೆ ಬೆರಳಾಡಿಸಿದೆ. ನನ್ನ ಬೆರಳಿಗೆ ಏನೂ ಅಂಟಲಿಲ್ಲ. ಅತ್ತೆಗಾದರೂ ಒಂಚೂರು ಮಣ್ಣು ಸಿಗುತ್ತಿತ್ತು.