ಆಯೇರಿಗೆ ಬಂದ ಮೀನು

ಸಿಂದಗಿಯಲ್ಲಿ ನಾನು ಗಾಜಿನ ಅಂಗಡಿ ಶುರು ಮಾಡಿದ ದಿನ ಮುದ್ದೇಬಿಹಾಳದಿಂದ ನನ್ನ ದೋಸ್ತ ಬಂದ. ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲೆ ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡು ಬಂದಿದ್ದ. ಉಡುಗೊರೆ ಅಂತ ಡಬ್ಬಿಯ ನೀರಿನಲ್ಲಿ ಒಂದು ಮೀನು. ಬೆರಳುದ್ದ, ಬೂದಿ ಬಣ್ಣ, ಮೈತುಂಬ ಕರಿ ಪಟ್ಟೆ.

"ನಿನ್ನ ಅಂಗಡಿಗಿ ನನ್ನ ಆಯೇರಿ," ಅಂದ. "ಬಾಳ ಗರೀಬ ಮೀನು, ಯಾರ ತಂಟೆಕ್ಕೂ ಹೋಗಂಗಿಲ್ಲ. ನಿನ್ನಂಗ."

ಬಂದವರೆಲ್ಲ ನಕ್ಕರು. ನಾನೂ ನಕ್ಕೆ.

ಅವನೂ ನಾನೂ ಬಸವನ ಬಾಗೇವಾಡಿಯಲ್ಲಿ ಒಬ್ಬರೇ ಉಸ್ತಾದರ ಕೈಯಲ್ಲಿ ಗಾಜು ಕೊಯ್ಯುವುದು ಕಲಿತವರು. ಒಂದೇ ಖೋಲಿಯಲ್ಲಿ ಇದ್ದೆವು, ಒಂದೇ ಬುತ್ತಿ ಉಂಡೆವು. ನನ್ನ ಅಂಗೈ ಸೀಳಿದಾಗ ತನ್ನ ಅಂಗಿ ಹರಿದು ಕಟ್ಟಿ ದವಾಖಾನೆಗೆ ಕರೆದುಕೊಂಡು ಓಡಿದವನು ಅವನು. ಹಾಗಾಗಿ ಅವನು ಹೇಳಿದ್ದನ್ನು ನಾನು ತಿರುಗಿ ಕೇಳುತ್ತಿರಲಿಲ್ಲ.

ಮನೆಯಲ್ಲಿ ಆಗಲೇ ಒಂದು ಮೀನಿನ ತೊಟ್ಟಿ ಇತ್ತು. ಉಳಿದ ಗಾಜಿನ ತುಂಡುಗಳಿಗೆ ಸಿಲಿಕಾನ್ ಹಚ್ಚಿ ನಾನೇ ಮಾಡಿದ್ದು. ಅದರಲ್ಲಿ ಇಂಡಿ ಪೇಟೆಯಿಂದ ತಂದ ಆರು ಬಂಗಾರ ಮೀನು. ಅವು ಅವ್ವನವು. ಮುಂಜಾನೆ ಚಹಾ ಕುಡಿಯುವ ಮೊದಲು ಅವಕ್ಕೆ ಕಾಳು ಹಾಕುತ್ತಿದ್ದಳು. ಪಟ್ಟೆ ಮೀನನ್ನೂ ಅದರೊಳಗೆ ಬಿಟ್ಟೆ.

ಮೂರನೆಯ ದಿನ ಒಂದರ ಬಾಲ ಚಿಂದಿಯಾಗಿತ್ತು. ವಾರದಲ್ಲಿ ಅದು ಸತ್ತು ತೇಲಿತು.

"ತಮ್ಮಾ, ಈ ಪಟ್ಟಿ ಮೀನ ನೆಟ್ಟಗಿಲ್ಲ ನೋಡು," ಅಂದಳು ಅವ್ವ. "ಮೂಲಿ ಹಿಡಕೊಂಡ ನಿಂತೈತಿ. ಯಾರೂ ಹಾಯಂಗಿಲ್ಲ ಅಲ್ಲಿ."

"ಸುಮ್ನಿರಬೇ. ಅಂವಾ ಸುಳ್ಳ ಹೇಳಂಗಿಲ್ಲ. ನೀರು ಸವಳೈತಿ, ಅದಕ್ಕ ಸತ್ತೈತಿ."

ನಮ್ಮ ಬೋರಿನ ನೀರು ಸವಳು ಅನ್ನುವುದು ನಿಜ. ನಾನು ಅದನ್ನೇ ಹಿಡಿದುಕೊಂಡೆ. ದಿನಾ ಬೈಕಿನ ಮೇಲೆ ಕ್ಯಾನು ಇಟ್ಟುಕೊಂಡು ಹೋಗಿ, ಜನ ಕುಡಿಯಲು ಒಯ್ಯುವ ಫಿಲ್ಟರ್ ನೀರು ತಂದು ತೊಟ್ಟಿಗೆ ಸುರಿದೆ. ಇನ್ನೂ ಎರಡು ಸತ್ತವು. ಆಮೇಲೆ ಸಿಲಿಕಾನ್ ವಾಸನೆ ಇರಬೇಕು ಅಂದುಕೊಂಡೆ. ತೊಟ್ಟಿ ಬರಿದು ಮಾಡಿ ತಿಕ್ಕಿ ತೊಳೆದೆ. ಮತ್ತೆರಡು ಹೋದವು. ಪಟ್ಟೆ ಮೀನು ಮಾತ್ರ ದಪ್ಪಗಾಯಿತು. ಕಾಳು ಹಾಕಲು ಹೋದ ಅವ್ವನ ಬೆರಳಿಗೂ ಬಾಯಿ ಹಾಕಿತು.

ಇಷ್ಟಾದರೂ ನಾನು ಅವನಿಗೆ ಫೋನ್ ಮಾಡಲಿಲ್ಲ. ಆಯೇರಿ ಕೊಟ್ಟವನಿಗೆ ನಿನ್ನ ಆಯೇರಿ ಚಲೋ ಇಲ್ಲ ಅಂತ ಹೇಗೆ ಹೇಳುವುದು? ಬಟ್ಟೆಯಾಗಲಿ ಭಾಂಡೆಯಾಗಲಿ, ಒಮ್ಮೆ ತೆಗೆದುಕೊಂಡ ಮೇಲೆ ನಮ್ಮಲ್ಲಿ ಯಾರೂ ತಿರುಗಿ ಕೊಡುವುದಿಲ್ಲ. ಕೊಟ್ಟರೆ ಸಂಬಂಧ ಹರಿದಂತೆ.

ಆ ತಿಂಗಳು ಮುದ್ದೇಬಿಹಾಳದಲ್ಲಿ ಕಿಟಕಿ ಗಾಜು ಕೂಡಿಸುವ ಕೆಲಸ ಸಿಕ್ಕಿತು. ಮುಗಿಸಿ ಅವನ ಮನೆಗೆ ಹೋದೆ. ಅವನು ಇರಲಿಲ್ಲ. ಅವನ ಹೆಂಡತಿ ಬಸುರಿ. ನನ್ನನ್ನು ಅಣ್ಣ ಅನ್ನುವವಳು. ನೀರು ಕೊಟ್ಟು ನಗುತ್ತ ಕೇಳಿದಳು:

"ಆ ಮೀನ ನಿಮ್ಮಲ್ಲೆರೆ ಶಾಂತ ಐತೇನ್ರಿ ಅಣ್ಣಾರ? ನಮ್ಮವು ಒಂಬತ್ತು ತಿಂದಿತ್ರಿ. ಹಳ್ಳಕ್ಕ ಒಗದು ಬರ್ರಿ ಅಂದ್ನಿ. ಬ್ಯಾಡ, ಆಯೇರಿ ಕೊಡ್ತೇನಿ, ಆಯೇರಿ ಹೊಳ್ಳಿ ಬರಂಗಿಲ್ಲ ಅಂದ್ರು. ನಿಮಗ ಎಲ್ಲಾ ಹೇಳೇ ಕೊಟ್ಟಾರಂತಲ್ರಿ?"

ನಾನು ನೀರು ಕುಡಿದೆ. ಹೇಳಿದ್ದಾನೆ ಅಂದೆ. ಅವಳ ಹಿಂದೆ ಅವರ ತೊಟ್ಟಿ ಕಾಣುತ್ತಿತ್ತು. ಅದರ ತುಂಬ ಹೊಸ ಮೀನು. ಕೆಂಪು, ಹಳದಿ, ಒಂದರ ಬಾಲವೂ ಹರಿದಿರಲಿಲ್ಲ.

ಅವನು ಬಂದಾಗ ಹೊರಗೆ ಕರೆದೆ.

"ಗೊತ್ತಿತ್ತಿಲ್ಲೋ ನಿನಗ?"

"ಏನಲೇ?"

"ಮೀನ ಕಡೀತೈತಿ ಅಂತ."

ಅವನು ಒಳಗೆ ಒಮ್ಮೆ ನೋಡಿದ. ಆಮೇಲೆ ನಕ್ಕ. "ಅಲ್ಲಲೇ, ಮೀನಿನ ಸಲುವಾಗಿ ಸಿಂದಗಿಯಿಂದ ಜಗಳಾಡಾಕ ಬಂದೇನು? ಹೋಗ್ಲಿ, ಹೊಸಾ ಮೀನ ಕೊಡಸ್ತೇನಿ ನಡಿ."

"ಅವ್ವ ಹೇಳಿದ್ಲು. ನಿನ್ನ ಸಲುವಾಗಿ ಅವ್ವನ ಬಾಯಿ ಮುಚ್ಚಿಸೇನಿ ನಾ. ಕಡೀತೈತಿ, ಬ್ಯಾರೆ ಇಡು ಅಂತ ಒಂದ ಮಾತ ಹೇಳಿದ್ರ ಏನಾಗತಿತ್ತು?"

"ಹೇಳಿದ್ರ ಒಯ್ತಿದ್ದೇನು?"

"ಒಯ್ತಿದ್ನಿ."

ಅವನು ನಗು ನಿಲ್ಲಿಸಿದ. ನಾನು ಸುಳ್ಳು ಹೇಳಿರಲಿಲ್ಲ. ಇನ್ನೊಂದು ತೊಟ್ಟಿ ಮಾಡುವುದು ನನಗೆ ಅರ್ಧ ದಿನದ ಕೆಲಸ. ಅವನಿಗೂ ಅಷ್ಟೇ. ಇಬ್ಬರೂ ಅದನ್ನೇ ಕಲಿತವರು. ತನ್ನ ತೊಟ್ಟಿಯ ನಡುವೆ ಒಂದು ಗಾಜು ನಿಲ್ಲಿಸಿದ್ದರೂ ಸಾಕಿತ್ತು. ಅದನ್ನು ಬಿಟ್ಟು, ಮೀನು ದಾಟಿಸಲು ನನ್ನ ಅಂಗಡಿಯ ಪೂಜೆಯ ದಿನವನ್ನೇ ಹುಡುಕಿದ.

"ಚಹಾ ಕುಡದು ಹೋಗಲೇ," ಅಂದ. ಬಸ್ಸಿದೆ ಅಂತ ಬಂದುಬಿಟ್ಟೆ.

ಮರುದಿನ ಗಾಜು ಕೊಯ್ದು ತೊಟ್ಟಿಯ ನಡುವೆ ನಿಲ್ಲಿಸಿದೆ. ಈ ಕಡೆ ಪಟ್ಟೆ ಮೀನು, ಆ ಕಡೆ ಉಳಿದ ಒಂದೇ ಬಂಗಾರ ಮೀನು. ಪಟ್ಟೆ ಮೀನು ಮೂರು ದಿನ ಗಾಜಿಗೆ ಮೂತಿ ಗುದ್ದಿತು, ಆಮೇಲೆ ಬಿಟ್ಟಿತು. ಅದರ ಮೇಲೆ ನನಗೆ ಸಿಟ್ಟಿಲ್ಲ.

ಅವನಿಗೆ ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯಕ್ಕೆ ಬಾ ಅಂತ ಎರಡು ಸಲ ಫೋನ್ ಮಾಡಿದ. ಕೂಸಿಗೆ ಕುಲಾಯಿ, ಬಾಣಂತಿಗೆ ಸೀರೆ ತಂದು ಅವ್ವನ ಕೈಗೆ ಕೊಟ್ಟು ಬಸ್ಸು ಹತ್ತಿಸಿದೆ. ಸೀರೆ ಚಲೋದನ್ನೇ ಆರಿಸಿದ್ದೆ.

"ನೀ ಯಾಕ ಬರ್ಲಿಲ್ಲ ಅಂತ ಕೇಳಿದ್ರ ಏನ್ ಹೇಳ್ಲಿ?" ಅಂದಳು ಅವ್ವ ಕಿಟಕಿಯಿಂದ.

"ಕೆಲಸ ಐತಿ ಅಂತ ಹೇಳು."

ಅವತ್ತು ಸೋಮವಾರ. ಸೋಮವಾರ ನನ್ನ ಅಂಗಡಿ ಬಂದ್ ಇರುತ್ತದೆ. ಅದು ಅವನಿಗೂ ಗೊತ್ತು.